ಕೋಟೆ ಮೊಹಲ್ಲಾ, ದೇವರಾಜ ಮೊಹಲ್ಲಾ: ನಡೆದು ನೋಡುವವರ ಪ್ರಶ್ನೆಗಳಿಗೆ ಉತ್ತರ

ಮೈಸೂರಿನ ಅರಮನೆ ಸುತ್ತಮುತ್ತಲ ಹಳೇ ಊರಿನ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬೆಟ್ಟ, ಬೃಂದಾವನ, ಶ್ರೀರಂಗಪಟ್ಟಣದ ಪ್ರಶ್ನೆಗಳನ್ನು ಇನ್ನೊಂದು ಸಲಕ್ಕೆ ಇಟ್ಟುಕೊಂಡಿದ್ದೇವೆ. ಟಿಕೆಟ್ ದರ ಆಗಾಗ ಬದಲಾಗುವುದರಿಂದ ಇಲ್ಲಿ ಕೊಟ್ಟಿಲ್ಲ.

ಪ್ರಶ್ನೆ: ಬೆಳಗಿನ ರೈಲಿಗೆ ಬಂದು ರಾತ್ರಿ ಹಿಂತಿರುಗಬೇಕು. ಹೋದ ಸಲ ಕಾರಿನಲ್ಲಿ ಬಂದು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಹೊತ್ತು ಹೋಯಿತು. ಅರಮನೆ ಸುತ್ತ ಏನೇನು, ಯಾವ ಕ್ರಮದಲ್ಲಿ ನೋಡಬಹುದು? (ತುಮಕೂರಿನ ಓದುಗರು)

ಕಾರು ಬಿಟ್ಟು ಬರುತ್ತಿರುವುದೇ ಒಳ್ಳೆಯದು. ಕೋಟೆಯ ಒಂದೊಂದು ಬದಿ ಸುಮಾರು 450 ಗಜ, ದಕ್ಷಿಣದ ಬದಿ ಮಾತ್ರ ಸ್ವಲ್ಪ ಹೆಚ್ಚು. ಅದರ ಸುತ್ತಲಿನ ಮಾರುಕಟ್ಟೆ, ಗಡಿಯಾರ ಗೋಪುರ, ವೃತ್ತ, ಪುರಭವನ ಎಲ್ಲವೂ ಒಂದರಿಂದ ಒಂದಕ್ಕೆ ಐದು ಹತ್ತು ನಿಮಿಷದ ನಡಿಗೆ. ಏಕಮುಖ ಸಂಚಾರದ ರಸ್ತೆಗಳಲ್ಲಿ ಕಾರು ಸುತ್ತಿ ಬರುವಷ್ಟರಲ್ಲಿ ನಡೆಯುವವರು ತಲುಪಿ ನೋಡಿ ಮುಗಿಸಿರುತ್ತಾರೆ.

ಹೆಚ್ಚಿನವರು ಇಳಿದ ತಕ್ಷಣ ಅರಮನೆಗೆ ಓಡುತ್ತಾರೆ. ಅದರ ಬಾಗಿಲು ತೆರೆಯುವುದು 10 ಗಂಟೆಗೆ, ಅಲ್ಲಿಯವರೆಗೆ ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಮಾರುಕಟ್ಟೆಗೆ ಬಂದಾಗ ಹೂವು ಬಾಡಿ, ಜನ ಕಿಕ್ಕಿರಿದಿರುತ್ತಾರೆ. ನೀವು ಈ ಕ್ರಮವನ್ನು ತಿರುಗಿಸಿ. ಸ್ಟೇಷನ್ನಿನಿಂದ ಧನ್ವಂತರಿ ರಸ್ತೆ ಹಿಡಿದು ಕಾಲು ಗಂಟೆ ನಡೆದರೆ ದೇವರಾಜ ಮಾರುಕಟ್ಟೆಯ ಉತ್ತರದ ತುದಿ ಸಿಗುತ್ತದೆ. 7 ಗಂಟೆಗೆ ಒಳಗೆ ಹೋಗಿ, ಉದ್ದಕ್ಕೂ ನಡೆದು ದಕ್ಷಿಣದ ಚಿಕ್ಕಗಡಿಯಾರದ ಬಳಿ ಹೊರಗೆ ಬನ್ನಿ. ಸುತ್ತಮುತ್ತಲ ಹೋಟೆಲಿನಲ್ಲಿ ತಿಂಡಿ ಮುಗಿಸಿ. ಅಲ್ಲಿಂದ ಕೆ.ಆರ್. ವೃತ್ತ, ಚಾಮರಾಜ ವೃತ್ತ, ದೊಡ್ಡಗಡಿಯಾರ, ರಂಗಾಚಾರ್ಲು ಪುರಭವನ. ಇವಕ್ಕೆ ಒಟ್ಟು ಒಂದು ಗಂಟೆ ಸಾಕು, ಅಂಗಡಿಗಳು ತೆರೆಯುವ ಮುಂಚೆ ನೋಡಿದರೆ ಬೋರ್ಡು, ಬ್ಯಾನರು, ನಿಂತ ಗಾಡಿಗಳ ಅಡ್ಡಿಯಿಲ್ಲ.

ಇನ್ನು ಮುಂದಿನ ಹೆಜ್ಜೆಯಲ್ಲಿ ತಪ್ಪುವವರೇ ಹೆಚ್ಚು. ಚಾಮರಾಜ ವೃತ್ತದ ಎದುರಿಗೆ ಕಾಣುವ ಜಯರಾಮ ಬಲರಾಮ ದ್ವಾರ ಅರಮನೆಯ ಉತ್ತರ ಬಾಗಿಲು. ಪ್ರವಾಸಿಗರ ಟಿಕೆಟ್ಟು, ಪ್ರವೇಶ ಇರುವುದು ದಕ್ಷಿಣದ ವರಾಹ ದ್ವಾರದಲ್ಲಿ. ಉತ್ತರದಲ್ಲಿ ಕಾದು ನಿಂತು, ಆಮೇಲೆ ಬಿಸಿಲಲ್ಲಿ ಕೋಟೆ ಸುತ್ತುವವರನ್ನು ದಿನವೂ ನೋಡಬಹುದು. ಉತ್ತರ ಬಾಗಿಲ ಪಕ್ಕದ ಕೋಟೆ ಆಂಜನೇಯನಿಗೆ ಕೈಮುಗಿದು, ಪೂರ್ವದ ಜಯಮಾರ್ತಾಂಡ ದ್ವಾರದ ಮುಂದಿನಿಂದ ಹಾದು, 9.45ರ ಹೊತ್ತಿಗೆ ವರಾಹ ದ್ವಾರದಲ್ಲಿರಿ. ಮೊದಲ ಒಂದು ಗಂಟೆ ಒಳಗೆ ನೂಕುನುಗ್ಗಲು ಕಡಿಮೆ.

ಕೋಟೆಯೊಳಗಿನ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಅರಮನೆ ಮುಗಿಸಿ ಅತ್ತ ಹೋಗುವಾಗ 12 ದಾಟದಂತೆ ನೋಡಿಕೊಳ್ಳಿ. ಊಟದ ಮೇಲೆ ಜಗನ್ಮೋಹನ ಅರಮನೆ, ಬಿಸಿಲು ಇಳಿದ ಮೇಲೆ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚು. ಚರ್ಚಿಗೆ ಮಾತ್ರ ಆಟೊ ಹಿಡಿಯಿರಿ. ಭಾನುವಾರವಾದರೆ ದೀಪಾಲಂಕಾರ ನೋಡಲು 6.30ಕ್ಕೆ ಮತ್ತೆ ಅರಮನೆ ಅಂಗಳ.

ಪ್ರಶ್ನೆ: ಅರಮನೆಯೊಳಗೆ ಜನ ತಳ್ಳಿಕೊಂಡು ಹೋಗುತ್ತಾರೆ, ಏನು ನೋಡಿದೆವು ಎಂದೇ ನೆನಪಿರುವುದಿಲ್ಲ. ನಿಂತು ನೋಡಲೇಬೇಕಾದ್ದು ಯಾವುದು? (ಹಾಸನದ ಓದುಗರು)

ಮೂರು ಕಡೆ ನಿಲ್ಲಿ. ಉಳಿದದ್ದನ್ನು ನಡೆಯುತ್ತಲೇ ನೋಡಬಹುದು.

ಮೊದಲನೆಯದು ಗೊಂಬೆ ತೊಟ್ಟಿಯ ಕಡೆಯ ಚಿನ್ನದ ಅಂಬಾರಿ. ಸುಮಾರು 750 ಕೆ.ಜಿ. ತೂಕದ್ದು. ಎಲ್ಲರೂ ಚಿನ್ನವನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ಅದರ ಬದಿಯಲ್ಲಿರುವ ಕೆಂಪು ಮತ್ತು ಹಸಿರು ಪುಟ್ಟ ದೀಪಗಳನ್ನು ಹುಡುಕಿ. ಆಗೆಲ್ಲ ಮೆರವಣಿಗೆಯ ಗದ್ದಲದಲ್ಲಿ ಅಂಬಾರಿಯ ಮೇಲೆ ಕೂತ ಮಹಾರಾಜರ ಮಾತು ಮಾವುತನಿಗೆ ಕೇಳುತ್ತಿರಲಿಲ್ಲ. ನಿಲ್ಲು, ಹೊರಡು ಎಂದು ಹೇಳಲು ಈ ದೀಪಗಳಿದ್ದವು.

ಎರಡನೆಯದು ಕಲ್ಯಾಣ ಮಂಟಪ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಸುಟ್ಟುಹೋಯಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರ ವಿನ್ಯಾಸದಲ್ಲಿ ಈಗಿನದು 1912ರಲ್ಲಿ ಮುಗಿಯಿತು. ಬೆಂಕಿಯ ಪಾಠ ಕಟ್ಟಡದಲ್ಲೇ ಕಾಣುತ್ತದೆ: ಹೊರಗೆ ಬೂದು ಗ್ರಾನೈಟ್, ಕಲ್ಯಾಣ ಮಂಟಪದಲ್ಲಿ ಮರದ ಕಂಬಗಳ ಬದಲು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳು. ಮಂಟಪದ ನಟ್ಟನಡುವೆ ನಿಂತು ಮೊದಲು ತಲೆಯೆತ್ತಿ ನೋಡಿ, ಬಣ್ಣದ ಗಾಜಿನ ಎಂಟುಮೂಲೆಯ ಚಾವಣಿಯಲ್ಲಿ ನವಿಲುಗಳಿವೆ. ಆಮೇಲೆ ಗೋಡೆಗೆ ಬನ್ನಿ. ಅಲ್ಲಿರುವುದು ದಸರಾ ಮೆರವಣಿಗೆಯ ಚಿತ್ರಗಳ ಸಾಲು. ಒಂದು ಚಿತ್ರದ ಕೊನೆಯಿಂದ ಮುಂದಿನದಕ್ಕೆ ಮೆರವಣಿಗೆ ಸಾಗುತ್ತದೆ, ಆದ್ದರಿಂದ ಒಂದೇ ದಿಕ್ಕಿನಲ್ಲಿ ನಡೆಯುತ್ತ ನೋಡಬೇಕು. ಹಿನ್ನೆಲೆಯಲ್ಲಿ ಬರೆದಿರುವ ಬೀದಿ, ಕಟ್ಟಡಗಳು ನೀವು ಬೆಳಿಗ್ಗೆ ಹಾದುಬಂದವೇ. ಬೆಳಿಗ್ಗೆ ಊರು ನೋಡಿ ಆಮೇಲೆ ಅರಮನೆಗೆ ಹೋಗಿ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಮಹಡಿಯ ಅಂಬಾವಿಲಾಸ. ಇಲ್ಲಿ ಬಾಗಿಲುಗಳನ್ನು ನೋಡಿ: ಒಂದು ಬೆಳ್ಳಿಯದು, ಇನ್ನೊಂದು ಬೀಟೆಮರಕ್ಕೆ ದಂತದ ಕುಸುರಿ ಕೂರಿಸಿದ್ದು.

ಪಾದರಕ್ಷೆಯನ್ನು ಹೊರಗೆ ಬಿಡಬೇಕು. ಬೇಸಿಗೆ ಮಧ್ಯಾಹ್ನ ಅಂಗಳದ ಕಲ್ಲು ಕಾಲು ಸುಡುತ್ತದೆ, ಕಾಲುಚೀಲ ಇರಲಿ. ರತ್ನಖಚಿತ ಸಿಂಹಾಸನ ಕಾಣಲಿಲ್ಲವೆಂದು ಬೇಸರಪಡಬೇಡಿ. ಅದನ್ನು ಜೋಡಿಸಿ ಇಡುವುದು ದಸರೆಯ ದಿನಗಳಲ್ಲಿ ಮಾತ್ರ.

ಪ್ರಶ್ನೆ: ಕೋಟೆಯೊಳಗೆ ಅಷ್ಟೊಂದು ದೇವಸ್ಥಾನಗಳಿವೆಯಲ್ಲ, ಸಮಯವಿಲ್ಲದವರು ಯಾವುದಕ್ಕೆ ಹೋಗಬೇಕು? (ಮದ್ದೂರಿನ ಓದುಗರು)

ಚರಿತ್ರೆ ಬೇಕೆಂದರೆ ಲಕ್ಷ್ಮೀರಮಣಸ್ವಾಮಿ ದೇವಸ್ಥಾನ. ಟಿಪ್ಪು ಸುಲ್ತಾನ್ ಮಡಿದ ಮುಂದಿನ ತಿಂಗಳು, 1799ರ ಜೂನ್ 30ರಂದು, ಇನ್ನೂ ಐದು ತುಂಬದ ಮಗುವಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕ ನಡೆದದ್ದು ಇದರ ಬಳಿ ಹಾಕಿದ್ದ ಚಪ್ಪರದಲ್ಲಿ. ಅರಮನೆಯ ಸೊಬಗಿನ ಪಕ್ಕದಲ್ಲಿ ಸಾದಾ ಆಗಿ ಕಾಣುವ ಈ ಗುಡಿಗೆ ಬರುವವರು ಕಡಿಮೆ, ಆದರೆ ಮೈಸೂರು ಮತ್ತೆ ರಾಜಧಾನಿಯಾದದ್ದು ಆ ದಿನದಿಂದ. ಕೆತ್ತನೆ ಬೇಕೆಂದರೆ ವರಾಹ ದ್ವಾರದ ಹತ್ತಿರದ ಶ್ವೇತವರಾಹಸ್ವಾಮಿ. ಮೂರ್ತಿ ತಮಿಳುನಾಡಿನ ಶ್ರೀಮುಷ್ಣದಿಂದ ಬಂದದ್ದು, ಮೊದಲು ಶ್ರೀರಂಗಪಟ್ಟಣದಲ್ಲಿತ್ತು, ಇಲ್ಲಿಗೆ ತಂದದ್ದು 1809ರಲ್ಲಿ. ಹೊಯ್ಸಳ ಶೈಲಿಯ ಕಂಬಗಳನ್ನು ಹತ್ತಿರದಿಂದ ನೋಡಿ.

ಪ್ರಶ್ನೆ: ದೇವರಾಜ ಮಾರುಕಟ್ಟೆಯಲ್ಲಿ ನೋಡುವುದು ಏನು, ಕೊಳ್ಳುವುದು ಏನು? ಹೊರಗಿನವರೆಂದು ಗೊತ್ತಾದರೆ ಬೆಲೆ ಏರಿಸುತ್ತಾರೆ ಎನ್ನುತ್ತಾರೆ. (ಶಿವಮೊಗ್ಗದ ಓದುಗರು)

ಇದು 1880ರ ದಶಕದಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ರೂಪ ಪಡೆದ ಮಾರುಕಟ್ಟೆ. ಸಯ್ಯಾಜಿರಾವ್ ರಸ್ತೆಗೆ ಬೆನ್ನು ಕೊಟ್ಟು ಉದ್ದಕ್ಕೆ ಹಬ್ಬಿದೆ. ಒಳಗೆ ಒಂದೊಂದು ಸರಕಿಗೂ ಒಂದೊಂದು ಸಾಲು: ಹೂವು, ಬಾಳೆಹಣ್ಣು, ವೀಳ್ಯದೆಲೆ, ತರಕಾರಿ, ಅರಿಶಿನ ಕುಂಕುಮ, ಪೂಜಾ ಸಾಮಾನು. ನಡುವಿನ ಓಣಿಯಲ್ಲಿ ನಿಂತು ಅಂಗಡಿಗಳ ಮೇಲ್ಗಡೆ ನೋಡಿ. ಕೆಳಗಿನ ಗಲಾಟೆಯಲ್ಲಿ ಮರೆತುಹೋಗುವ ಹಳೆಯ ಕಟ್ಟಡ ಅಲ್ಲಿ ಕಾಣುತ್ತದೆ.

ಮಲ್ಲಿಗೆಯನ್ನು ಕಟ್ಟಿದ್ದಾದರೆ ಮೊಳ, ಮಾರಿನ ಲೆಕ್ಕದಲ್ಲಿ ಕೊಡುತ್ತಾರೆ. ಮೊಳವೆಂದರೆ ಹೂವಾಡಗಿತ್ತಿಯ ಮೊಳ: ಮೊಣಕೈಯಿಂದ ಬೆರಳ ತುದಿಗೆ ದಾರ ಎಳೆದು, ತುದಿಯಲ್ಲಿ ಬೆರಳು ಮಡಚಿದರೆ ನಾಲ್ಕು ಹೂವು ಕಡಿಮೆ, ಚಾಚಿದರೆ ನಾಲ್ಕು ಹೆಚ್ಚು. ಅಳೆಯುವಾಗ ಕೈಯನ್ನೇ ನೋಡಿ, ಸಾಲದೆನಿಸಿದರೆ "ಅಕ್ಕಾ, ಇನ್ನೊಂದ್ ಸ್ವಲ್ಪ ಬಿಡಿ" ಎಂದರೆ ಸಾಕು, ಬಿಡುತ್ತಾರೆ. ಉದ್ದಕ್ಕಿಂತ ಒತ್ತಾಗಿ ಕಟ್ಟಿದೆಯೇ ಎಂಬುದು ಮುಖ್ಯ. ಸಂಜೆ ಮುಡಿಯುವುದಾದರೆ ಬಿರಿದ ಹೂವು ಬೇಡ, ಮೊಗ್ಗು ಕೊಳ್ಳಿ. ಬಾಳೆಎಲೆಯಲ್ಲಿ ಸುತ್ತಿಸಿಕೊಳ್ಳಿ, ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಕಂದಾಗುತ್ತದೆ. ಮಲ್ಲಿಗೆಯ ಸುಗ್ಗಿ ಬೇಸಿಗೆ. ಚಳಿಗಾಲದಲ್ಲಿ ಹೂವು ಕಡಿಮೆ, ಬೆಲೆ ಹೆಚ್ಚು, ಆಗ ಕಾಕಡ ಮಲ್ಲಿಗೆಯನ್ನು ಮಲ್ಲಿಗೆಯೆಂದೇ ಕೊಡುವವರಿದ್ದಾರೆ. ಮೂಸಿ ನೋಡಿದರೆ ಗೊತ್ತಾಗುತ್ತದೆ, ಕಾಕಡಕ್ಕೆ ಆ ಘಮವಿಲ್ಲ.

ರಸಬಾಳೆ ಎಂದು ಕೂಗಿ ಮಾರುವುದೆಲ್ಲ ನಂಜನಗೂಡು ರಸಬಾಳೆಯಲ್ಲ. ಪನಾಮ ಸೊರಗು ರೋಗದಿಂದ ಆ ಬೆಳೆ ಬಹಳ ಕುಗ್ಗಿದೆ, ಸಿಗುವುದು ಸ್ವಲ್ಪವೇ. ಅಗ್ಗಕ್ಕೆ ಗೊನೆಗಟ್ಟಲೆ ತೂಗುಹಾಕಿದ್ದರೆ ಅನುಮಾನಪಡಿ. ಎಲೆ ಕೊಳ್ಳುವುದಾದರೆ ಮೈಸೂರು ಚಿಗುರೆಲೆ ಎಂದೇ ಕೇಳಿ. ತೆಳು, ಮೃದು, ಖಾರ ಕಡಿಮೆ.

ಕುಂಕುಮದ ಸಾಲಿನಲ್ಲಿ ಗೋಪುರದಂತೆ ಒಟ್ಟಿದ ನೀಲಿ, ಹಸಿರು, ಗುಲಾಬಿ ಪುಡಿಗಳ ಫೋಟೊ ತೆಗೆಯದವರಿಲ್ಲ. ಅವು ರಂಗೋಲಿಯ ಬಣ್ಣಗಳು, ಹಣೆಗೆ ಹಚ್ಚಬೇಡಿ, ಚರ್ಮ ಕೆರೆಯುತ್ತದೆ. ಹಣೆಗೆಂದರೆ ಹಣೆಗೆ ಎಂದೇ ಹೇಳಿ ಕೇಳಿ.

ಬೆಲೆಯ ವಿಷಯಕ್ಕೆ ಬಂದರೆ, ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ. ಮೂರು ಕಡೆ ಕೇಳಿದರೆ ಆ ದಿನದ ದರ ತಿಳಿಯುತ್ತದೆ. ಹಣ್ಣು ತರಕಾರಿಗೆ ಚೌಕಾಸಿ ನಡೆಯುತ್ತದೆ. ವ್ಯಾಪಾರಿಗಳ ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಬೆಳಗಿನ ಬೋಣಿಯ ಹೊತ್ತಿಗೆ ಏನೂ ಕೊಳ್ಳದೆ ಎದುರಿಗೆ ನಿಂತು ಕ್ಯಾಮೆರಾ ಹಿಡಿದರೆ ಬೇಸರವಾಗುವುದು ಸಹಜ.

ಪ್ರಶ್ನೆ: ಕೆ.ಆರ್. ವೃತ್ತದ ಬಳಿಯ ಲ್ಯಾನ್ಸ್‌ಡೌನ್ ಕಟ್ಟಡ ಅಷ್ಟು ಚೆಂದವಿದ್ದೂ ಪಾಳು ಬಿದ್ದಿದೆ. ನೂರು ವರ್ಷ ನಿಂತ ಕಟ್ಟಡಗಳು ಈಗೇಕೆ ಕುಸಿಯುತ್ತಿವೆ? ಸಿಮೆಂಟಿನಲ್ಲಿ ಗಟ್ಟಿ ಮಾಡಬಹುದಲ್ಲವೇ? (ಮೈಸೂರಿನ ಓದುಗರು)

ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು, ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾಗಿತ್ತು. 2012ರ ಆಗಸ್ಟ್‌ನಲ್ಲಿ ಚಾವಣಿಯ ಒಂದು ಭಾಗ ಬಿದ್ದು ನಾಲ್ವರು ತೀರಿಕೊಂಡ ಮೇಲೆ ಮುಚ್ಚಿತು. ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಎರಡೂ ಮಳೆಗಾಲದಲ್ಲಿ ಎಂಬುದನ್ನು ಗಮನಿಸಿ.

ಆ ಕಾಲದ ಕಟ್ಟಡಗಳ ಚಾವಣಿ ಸಾಮಾನ್ಯವಾಗಿ ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ತೇಗದ ತೊಲೆಗಳು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ ಸುಣ್ಣದ ಗಾರೆಯಲ್ಲಿ ಕಟ್ಟುವುದು, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಬೆರೆಸಿ ದಮ್ಮಸು ಹಾಕುವುದು, ಎಲ್ಲಕ್ಕೂ ಮೇಲೆ ಚಪ್ಪಟೆ ಹೆಂಚು. ಸರಿಯಾಗಿ ನೋಡಿಕೊಂಡರೆ ಶತಮಾನ ಬಾಳುತ್ತದೆ. ಕೆಡುವುದು ತೊಲೆಯ ನಡುವಿನಲ್ಲಲ್ಲ, ಗೋಡೆಯೊಳಗೆ ಹುದುಗಿದ ಅದರ ತುದಿಯಲ್ಲಿ. ನೀರಿನ ಕೊಳವೆ ಕಟ್ಟಿಕೊಂಡು ತಾರಸಿಯಲ್ಲಿ ನೀರು ನಿಂತರೆ ಅದು ಗೋಡೆಗೆ ಇಳಿಯುತ್ತದೆ, ಒಳಗಿನ ತುದಿ ಲಡ್ಡಾಗುತ್ತದೆ, ಕೆಳಗೆ ನಿಂತವರಿಗೆ ಕಾಣುವ ತೊಲೆ ಮಾತ್ರ ಗಟ್ಟಿಯಾಗೇ ಇರುತ್ತದೆ. ಒಂದು ದಿನ ತುದಿ ಜಾರುತ್ತದೆ. ಹಕ್ಕಿಗಳಿಂದ ಬಿದ್ದ ಅರಳಿ, ಆಲದ ಬೀಜ ಬಿರುಕಿನಲ್ಲಿ ಮೊಳೆತು ಬೇರು ಬಿಟ್ಟರೆ ಇದೆಲ್ಲ ಇನ್ನೂ ಬೇಗ. ಮೇಲಿನ ಸಸಿ ಕತ್ತರಿಸಿದರೆ ಸಾಲದು, ಬೇರು ಸಾಯದಿದ್ದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ.

ಸಿಮೆಂಟಿನ ವಿಷಯ. ಸುಣ್ಣದ ಗಾರೆ ತೇವವನ್ನು ಹೀರಿ ಮತ್ತೆ ಹೊರಕ್ಕೆ ಬಿಡುತ್ತದೆ, ಬಿಸಿಲು ಮಳೆಗೆ ಗೋಡೆ ಅಲುಗಿದರೆ ತಾನೂ ಸ್ವಲ್ಪ ಬಾಗುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ, ಮೇಲಿನ ಗಿಲಾವು ಹಲಗೆಯಂತೆ ಎದ್ದುಬರುತ್ತದೆ. ಸೋರುವ ತಾರಸಿಯ ಮೇಲೆ ಸಿಮೆಂಟ್ ಪದರ ಹಾಕಿದರೆ ಲಡ್ಡು ತೊಲೆಗಳ ಮೇಲೆ ಇನ್ನಷ್ಟು ಭಾರ. ಆದ್ದರಿಂದ ಇಂಥ ಕಟ್ಟಡಕ್ಕೆ ಸುಣ್ಣದಲ್ಲೇ ದುರಸ್ತಿ ಆಗಬೇಕು. ಸುಣ್ಣವನ್ನು ದಿನಗಟ್ಟಲೆ ನೆನೆಸಿ ಕೊಳೆಹಾಕಿ, ಮರಳಿನೊಡನೆ ಅರೆದು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಸೇರಿಸುವ ಹಳೆಯ ಕ್ರಮ ನಿಧಾನದ್ದು. ತೆಳುವಾಗಿ ಪದರ ಪದರವಾಗಿ ಹಾಕಿ, ಒಂದೊಂದನ್ನೂ ಒದ್ದೆ ಗೋಣಿಯಿಂದ ಮುಚ್ಚಿ ಹದ ಮಾಡಬೇಕು. ಅವಸರಪಟ್ಟು ದಪ್ಪ ಹಾಕಿದರೆ ಬಿರಿಯುತ್ತದೆ. ಕೆಲಸ ಬಲ್ಲ ಗಾರೆಯವರು ಇನ್ನೂ ಇದ್ದಾರೆ, ಅವರಿಗೆ ಕೆಲಸ ಸಿಗಬೇಕು. ಕೆಡವಿ ಹಾಗೇ ಕಾಣುವಂತೆ ಹೊಸದು ಕಟ್ಟುವುದು ದುರಸ್ತಿಗೆ ಸಮವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ನೋಡಲು ಹೋದವರು ರಸ್ತೆಯ ಎದುರು ಬದಿಯಿಂದಲೇ ನೋಡಿ. ಬೇಲಿ ದಾಟಿ ಕಮಾನಿನ ಕೆಳಗೆ ಫೋಟೊಗೆ ನಿಲ್ಲುವುದು ಬೇಡ.

ಪ್ರಶ್ನೆ: ಮೂರು ವೃತ್ತಗಳ ಪ್ರತಿಮೆಗಳಲ್ಲಿ ಯಾರು ಯಾರು ಎಂದು ಮಕ್ಕಳಿಗೆ ಹೇಳಲು ತಡವರಿಸುತ್ತೇವೆ. ಎರಡು ಗಡಿಯಾರಗಳದ್ದೂ ಹಾಗೇ. (ಮಂಡ್ಯದ ಓದುಗರು)

ಕೆ.ಆರ್. ವೃತ್ತದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು. ಅರಮನೆಯ ಉತ್ತರ ಬಾಗಿಲ ಮುಂದೆ ಅವರ ತಂದೆ ಚಾಮರಾಜೇಂದ್ರ ಒಡೆಯರು. ಹಳೆಯ ಹಾರ್ಡಿಂಜ್ ವೃತ್ತದಲ್ಲಿ ಜಯಚಾಮರಾಜ ಒಡೆಯರು. ದೊಡ್ಡಗಡಿಯಾರ 1927ರದ್ದು, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆಯ ನೌಕರರು ಕೂಡಿ ಕಟ್ಟಿಸಿದ್ದು, ಎತ್ತರ 75 ಅಡಿ. ಗಂಟೆಯ ಅಂಕಿಗಳು ಕನ್ನಡದಲ್ಲಿವೆ, ಮಕ್ಕಳಿಂದ ಓದಿಸಿ. ಮಾರುಕಟ್ಟೆಯ ಬಳಿಯದು ಲಾರ್ಡ್ ಡಫರಿನ್ ಹೆಸರಿನ ಚಿಕ್ಕಗಡಿಯಾರ. ದೊಡ್ಡಗಡಿಯಾರದ ಪಕ್ಕದ ಪುರಭವನ 1884ರದ್ದು, ದಿವಾನ್ ರಂಗಾಚಾರ್ಲು ಅವರ ನೆನಪಿಗೆ.

ಪ್ರಶ್ನೆ: ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರ ರವಿವರ್ಮನದ್ದೇ? (ದಾವಣಗೆರೆಯ ಓದುಗರು)

ಅಲ್ಲ. ಅದು ಎಸ್.ಎಲ್. ಹಲ್ದಂಕರ್ ಅವರು 1940ರ ದಶಕದಲ್ಲಿ ಬರೆದದ್ದು, ಮಾದರಿಯಾಗಿ ನಿಂತವರು ಅವರ ಮಗಳು ಗೀತಾ. ರವಿವರ್ಮನ ಚಿತ್ರಗಳೂ ಅದೇ ಕಟ್ಟಡದಲ್ಲಿರುವುದರಿಂದ ಈ ಗೊಂದಲ. ಅದು ತೈಲಚಿತ್ರವಲ್ಲ, ಜಲವರ್ಣ, ಅದಕ್ಕೇ ಇನ್ನೂ ಹೆಚ್ಚು ಬೆರಗು. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ಹಚ್ಚದೆ ಉಳಿಸಿಕೊಂಡ ಕಾಗದ, ಒಮ್ಮೆ ಗಾಢವಾದರೆ ಹಿಂದಕ್ಕೆ ಬರಲಾಗದು. ಜ್ವಾಲೆಗೆ ಅಡ್ಡ ಹಿಡಿದ ಕೈಬೆರಳುಗಳ ಸಂದಿಯ ಕೆಂಪನ್ನು ನೋಡಿ, ಆಮೇಲೆ ಮುಖಕ್ಕೆ ಬನ್ನಿ. ನಾಲ್ಕು ಹೆಜ್ಜೆ ಹಿಂದೆ ಸರಿದು ಮತ್ತೊಮ್ಮೆ ನೋಡಿ.

ಈ ಕಟ್ಟಡವನ್ನು 1861ರಲ್ಲಿ ಮುಮ್ಮಡಿಯವರು ಕಟ್ಟಿಸಿದರು. 1902ರ ಆಗಸ್ಟ್ 8ರಂದು ಲಾರ್ಡ್ ಕರ್ಜನ್ ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟದ್ದು ಇಲ್ಲಿಯೇ, ಆಗ ಹೊಸ ಅರಮನೆಯ ಕೆಲಸ ಇನ್ನೂ ನಡೆಯುತ್ತಿತ್ತು.

ಪ್ರಶ್ನೆ: ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ಮೈಸೂರಿನಲ್ಲಂತೆ. ಆ ಜಾಗ ನೋಡಬಹುದೇ? (ಧಾರವಾಡದ ವಿದ್ಯಾರ್ಥಿಗಳು)

ಕೃಷ್ಣರಾಜ ಬುಲೆವಾರ್ಡ್‌ನಲ್ಲಿರುವ ಪ್ರಾಚ್ಯವಿದ್ಯಾ ಸಂಶೋಧನಾಲಯ. 1891ರಲ್ಲಿ ಶುರುವಾದ ಸಂಸ್ಥೆ. ಇಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗ್ರಂಥ ಲಿಪಿಯ (ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ) ತಾಳೆಗರಿಯ ಕಟ್ಟೊಂದರಲ್ಲಿ ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚಾಯಿತು. ಅಲ್ಲಿಯವರೆಗೆ ವಿದ್ವಾಂಸರಿಗೆ ಆ ಕೃತಿ ಗೊತ್ತಿದ್ದದ್ದು ಬೇರೆಯವರು ಉಲ್ಲೇಖಿಸಿದ ಮಾತುಗಳಿಂದಷ್ಟೇ. ಹೊರಗಿನಿಂದ ಕಟ್ಟಡವನ್ನು ಯಾವಾಗ ಬೇಕಾದರೂ ನೋಡಬಹುದು. ಒಳಗೆ ಓದು, ಸಂಪಾದನೆ ನಡೆಯುವ ಜಾಗ, ಆದ್ದರಿಂದ ಕಾಲೇಜಿನಿಂದ ಪತ್ರ ತಂದು, ಮುಂಚಿತವಾಗಿ ಅನುಮತಿ ಪಡೆದು, ಕೆಲಸದ ದಿನ ಹೋಗಿ.

ಪ್ರಶ್ನೆ: ಅಮ್ಮನಿಗೆ ಎಪ್ಪತ್ತೆಂಟು, ಮಂಡಿನೋವು. ಹೆಚ್ಚು ನಡೆಯಲಾರರು. ದೀಪದ ಅರಮನೆ ತೋರಿಸಬೇಕೆಂದು ಆಸೆ. (ಚನ್ನರಾಯಪಟ್ಟಣದ ಓದುಗರು)

ಭಾನುವಾರ ಅಥವಾ ಸರ್ಕಾರಿ ರಜೆಯ ದಿನ ಕರೆತನ್ನಿ. ಸಂಜೆ 7ಕ್ಕೆ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಮುಕ್ಕಾಲು ಗಂಟೆಯಷ್ಟು ಹೊತ್ತು ಉರಿಯುತ್ತವೆ. ಪ್ರವೇಶಕ್ಕೆ ದುಡ್ಡಿಲ್ಲ. ಬೇರೆ ದಿನಗಳಲ್ಲಿ ಧ್ವನಿ ಬೆಳಕು ಕಾರ್ಯಕ್ರಮಕ್ಕೆ ಟಿಕೆಟ್ಟಿದೆ, ಅದರ ಕೊನೆಗೆ ದೀಪಗಳು ಸ್ವಲ್ಪ ಹೊತ್ತು ಮಾತ್ರ. ಹೊತ್ತಿಕೊಳ್ಳುವ ಕ್ಷಣವೇ ನೋಡಬೇಕಾದ್ದು, ಆದ್ದರಿಂದ 6.30ಕ್ಕೆ ಒಳಗಿರಿ. ಅರಮನೆಯ ತೀರಾ ಹತ್ತಿರ ಕೂರಿಸಬೇಡಿ, ಕತ್ತು ನೋಯುತ್ತದೆ, ಗೋಪುರವೂ ಪೂರ್ತಿ ಕಾಣದು. ಅಂಗಳದ ದೂರದ ಅಂಚು ಸರಿ. ಮಡಚುವ ಪುಟ್ಟ ಕುರ್ಚಿಯೊಂದು ಜೊತೆಗಿರಲಿ.

ಹಗಲಿನ ಅರಮನೆಯನ್ನೂ ತೋರಿಸುವುದಾದರೆ ಕೆಳಗಿನ ಅಂತಸ್ತಿನ ಅಂಬಾರಿ, ಕಲ್ಯಾಣ ಮಂಟಪ ಸಾಕು. ಗಾಲಿಕುರ್ಚಿ, ಬ್ಯಾಟರಿ ಗಾಡಿಯ ಬಗ್ಗೆ ಟಿಕೆಟ್ ಕೌಂಟರಿನಲ್ಲೇ ವಿಚಾರಿಸಿ. ಟಾಂಗಾದಲ್ಲಿ ಕೂರಿಸಿ ಊರು ಸುತ್ತಿಸುವ ಆಸೆಯಿದ್ದರೆ, ಅದರ ಮೆಟ್ಟಿಲು ಎತ್ತರ, ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ. ಆಟೊ ಮೇಲು. ಹತ್ತುವ ಮುಂಚೆ ಎಲ್ಲೆಲ್ಲಿಗೆ, ಎಷ್ಟಕ್ಕೆ ಎಂದು ಗೊತ್ತುಮಾಡಿಕೊಳ್ಳಿ. "ಅರಮನೆ ಇವತ್ತು ರಜಾ, ಮೊದಲು ರೇಷ್ಮೆ ಅಂಗಡಿಗೆ ಹೋಗೋಣ" ಎಂದು ಯಾರಾದರೂ ಹೇಳಿದರೆ ಬೇಡವೆಂದು ಹೇಳಿ, ಆ ಅಂಗಡಿಗಳಲ್ಲಿ ಕರೆತಂದವರಿಗೆ ಕಮಿಷನ್ ಇರುತ್ತದೆ. ಅಮ್ಮನಿಗೆ ಸೀರೆ ಕೊಡಿಸುವುದೇ ಆದರೆ ಸರ್ಕಾರಿ ಕೆಎಸ್‌ಐಸಿ ಮಳಿಗೆಗೇ ಹೋಗಿ, ಸೀರೆಯ ಮೇಲಿನ ಗುರುತಿನ ಸಂಖ್ಯೆ ನೋಡಿ ತೆಗೆದುಕೊಳ್ಳಿ.

ಪ್ರಶ್ನೆ: ಇದನ್ನೆಲ್ಲ ದಸರೆಗೆ ಬಂದಾಗಲೇ ನೋಡಬಹುದಲ್ಲ? (ಬಳ್ಳಾರಿಯ ಓದುಗರು)

ದಸರೆಗೆ ಬಂದರೆ ದಸರೆ ನೋಡಿ. ಆಯುಧಪೂಜೆ, ವಿಜಯದಶಮಿಗಳಂದು ಅರಮನೆಗೆ ಪ್ರವಾಸಿಗರ ಪ್ರವೇಶವಿರುವುದಿಲ್ಲ, ಖಾಸಗಿ ದರ್ಬಾರಿನ ವೇಳೆಯಲ್ಲೂ ನಿರ್ಬಂಧವಿರುತ್ತದೆ. ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ಬನ್ನಿಮಂಟಪದ ಕಡೆಗೆ ಐದು ಕಿ.ಮೀ. ಬೇಲಿ ಕಟ್ಟಿ ಮುಚ್ಚುತ್ತಾರೆ, ಮಧ್ಯಾಹ್ನದ ಮೇಲೆ ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗುವುದೇ ಆಗದು. ಊರಿನ ಕಟ್ಟಡಗಳನ್ನು ನಿಧಾನವಾಗಿ ನೋಡುವ ಆಸೆಯಿದ್ದರೆ ನವೆಂಬರಿನಿಂದ ಫೆಬ್ರವರಿಯೊಳಗೆ, ವರ್ಷಾಂತ್ಯದ ಶಾಲಾ ಪ್ರವಾಸಗಳ ದಟ್ಟಣೆ ಬಿಟ್ಟು, ಬನ್ನಿ. ಮಕ್ಕಳ ಜೊತೆ ಮೃಗಾಲಯಕ್ಕೂ ಹೋಗುವುದಾದರೆ ಮಂಗಳವಾರ ಬೇಡ, ಅಂದು ಅದಕ್ಕೆ ವಾರದ ರಜೆ.